ಎಣ್ಣೆ ಕುಡಿದ ರಬ್ಬರ್

ಮೊನ್ನೆ ಪ್ರಯೋಗಾಲಯದಲ್ಲಿ ರಬ್ಬರ್ ಹಾಳೆಗೆ ತೂತು ಕೊರೆಯುತ್ತಿದ್ದಾಗ ಬೈರಿಗೆ ಕಾದು ಸಣ್ಣಗೆ ಹೊಗೆ ಎದ್ದಿತು. ಆ ಸುಟ್ಟ ವಾಸನೆಗೆ ಪಕ್ಕದ ಮೇಜಿನ ಮೇಲೆ ಯಾರೋ ತೆರೆದಿಟ್ಟಿದ್ದ ಮಶೀನ್ ಎಣ್ಣೆಯ ವಾಸನೆ ಬೆರೆಯಿತು. ನಾನು ಯಂತ್ರ ನಿಲ್ಲಿಸಿದೆ. ಎಣ್ಣೆ ಡಬ್ಬಿಯ ಮುಚ್ಚಳ ಬಿಗಿದು ಕೋಣೆಯ ಇನ್ನೊಂದು ಮೂಲೆಯಲ್ಲಿ ಇಟ್ಟು ಬಂದೆ. ಜೊತೆಯವರು ನಕ್ಕರು. ರಬ್ಬರನ್ನೂ ಎಣ್ಣೆಯನ್ನೂ ಒಂದೇ ಮೇಜಿನ ಮೇಲೆ ನಾನು ಇಡಗೊಡುವುದಿಲ್ಲ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಅದರ ಹಿಂದೆ ರಾಮದುರ್ಗದ ಒಂದು ಮಳೆಗಾಲವಿದೆ ಎಂಬುದು ಗೊತ್ತಿಲ್ಲ.

ಆಗ ನಾನು ಎಂ.ಟೆಕ್ ಎರಡನೇ ವರ್ಷದಲ್ಲಿದ್ದೆ. ಬಿಗಿತವನ್ನು ಬೇಕೆಂದಾಗ ಹೆಚ್ಚಿಸಿ, ಬೇಡವೆಂದಾಗ ಇಳಿಸಬಹುದಾದ ವಸ್ತುವನ್ನು ರೂಪಿಸುವುದು ನನ್ನ ಪ್ರಾಜೆಕ್ಟು. ಕೇಳಲು ದೊಡ್ಡದು, ನೋಡಲು ಸಣ್ಣದು. ಅಂಗೈಯಗಲದ ದಪ್ಪ ರಬ್ಬರ್ ತುಂಡಿನಲ್ಲಿ ಸಾಲುಸಾಲಾಗಿ ದುಂಡು ತೂತುಗಳು. ಮೇಲಿನಿಂದ ಒತ್ತಿದರೆ ಅದು ಗಟ್ಟಿ. ಎಡಬಲದಿಂದ ಒಂದು ಕಬ್ಬಿಣದ ಹಿಡಿಕೆ ಹಾಕಿ ತಿರುಪನ್ನು ಸ್ವಲ್ಪ ಬಿಗಿದರೆ ತೂತುಗಳೆಲ್ಲ ಒಮ್ಮೆಲೇ ಆಕಾರ ಬದಲಿಸುತ್ತವೆ, ಒಂದು ಅಡ್ಡ ಮಲಗುತ್ತದೆ, ಅದರ ಪಕ್ಕದ್ದು ನೆಟ್ಟಗೆ ನಿಲ್ಲುತ್ತದೆ. ಆಗ ಅದೇ ತುಂಡು ಮೆತ್ತಗಾಗುತ್ತದೆ. ಇನ್ನೂ ಬಿಗಿದರೆ ತೂತುಗಳ ಗೋಡೆಗಳು ಒಂದಕ್ಕೊಂದು ತಾಗಿ ಮತ್ತೆ ಗಟ್ಟಿ. ರಬ್ಬರ್ ಬದಲಾಗಿಲ್ಲ, ಗೋಡೆಗಳು ಬಾಗುವ ಬಗೆ ಬದಲಾಗಿದೆ, ಅಷ್ಟೆ. ನನ್ನ ಗೈಡ್ ಅದನ್ನು ಕೈಯಲ್ಲಿ ಹಿಡಿದು ಹೇಳಿದ್ದರು: "ಮೆಲ್ಲಗೆ ಒತ್ತುವ ಯಂತ್ರದಲ್ಲಿ ಎಲ್ಲವೂ ಚೆಂದ ಕಾಣುತ್ತದೆ. ಇದು ಹೊಡೆತ ತಿಂದಾಗ ಏನಾಗುತ್ತದೆ, ದಿನವಿಡೀ ತಿಂದಾಗ ಏನಾಗುತ್ತದೆ, ಅದನ್ನು ನೋಡಿಕೊಂಡು ಬಾ."

ದಿನವಿಡೀ ಹೊಡೆತ ಎಂದ ಕೂಡಲೇ ನನಗೆ ನೆನಪಾದದ್ದು ಚಿಗವ್ವನ ಮನೆ. ಅವ್ವನ ತಂಗಿ ಗಂಗವ್ವನನ್ನು ರಾಮದುರ್ಗದ ನೇಕಾರರ ಓಣಿಗೆ ಕೊಟ್ಟಿತ್ತು. ಮನೆಗೆ ಅಂಟಿಕೊಂಡೇ ತಗಡಿನ ಶೆಡ್ಡು, ಅದರೊಳಗೆ ಆರು ವಿದ್ಯುತ್ ಮಗ್ಗ. ನಮ್ಮೂರು ಬೈಲಹೊಂಗಲದಿಂದ ಸವದತ್ತಿ, ಮುನವಳ್ಳಿ ದಾಟಿ ಬಸ್ಸು ರಾಮದುರ್ಗ ಮುಟ್ಟಿದಾಗ ಮಳೆ ಕಲ್ಲು ಹೊಡೆದಂತೆ ಬೀಳುತ್ತಿತ್ತು. ಓಣಿಯ ತಿರುವಿನಲ್ಲೇ ಮಗ್ಗಗಳ ಸದ್ದು ಎದೆಗೆ ಗುದ್ದಿತು. ಅದು ಕಿವಿಯಿಂದ ಒಳಗೆ ಬರುವ ಸದ್ದಲ್ಲ, ನೆಲದಿಂದ ಅಂಗಾಲಿಗೆ ಏರುವ ಸದ್ದು.

ಶೆಡ್ಡಿನಲ್ಲಿ ಯಾರೂ ಮಾತಾಡುವುದಿಲ್ಲ. ಕೂಗುತ್ತಾರೆ, ಇಲ್ಲವೆ ಕೈಸನ್ನೆ ಮಾಡುತ್ತಾರೆ. ಹೆಚ್ಚು ಮಾತಿನವಳಲ್ಲದ ನನಗೆ ಮೊದಲ ದಿನ ಅದು ಹಿತವಾಗಿಯೇ ಇತ್ತು. ಕಂಡಿಕೆ ಎಂಬ ಪುಟ್ಟ ಕೊಳವೆಗೆ ನೂಲು ಸುತ್ತುತ್ತ ಮೂಲೆಯಲ್ಲಿ ಕೂತಿದ್ದ ಮುದುಕಿ ಕಾಶವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೂಗಿದಳು: "ಇಷ್ಟ ಓದಿ ಕಡೀಕ ನಮ್ಮ ಮಗ್ಗಕ್ಕ ಬಂದ್ಯಾ? ನಾ ಓದಲಾರದನ ಬಂದೇನಲ್ಲವಾ!"

ಚಿಗವ್ವನ ಗಂಡ ಈರಪ್ಪ ಕಾಕಾನಿಗೆ ಎಡಗಣ್ಣಿಲ್ಲ. ಲಾಳಿ ತೆಗೆದುಕೊಂಡು ಹೋಗಿತ್ತು. ಲಾಳಿ ಎಂದರೆ ಗಟ್ಟಿ ಮರದ ಪುಟ್ಟ ದೋಣಿ, ಎರಡೂ ತುದಿಗೆ ಉಕ್ಕಿನ ಮೊನೆ. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಮೇಲೆ ಕೆಳಗೆ ಸರಿದು ಬಾಯಿ ತೆರೆದ ಕ್ಷಣದಲ್ಲಿ ಒಂದು ಕೋಲು ಅದನ್ನು ಬೀಸಿ ಹೊಡೆಯುತ್ತದೆ. ಅದು ಮಗ್ಗದ ಈ ತುದಿಯ ಪೆಟ್ಟಿಗೆಯಿಂದ ಹಾರಿ ಆ ತುದಿಯ ಪೆಟ್ಟಿಗೆಯಲ್ಲಿ ನಿಲ್ಲಬೇಕು. ನಿಲ್ಲಿಸುವುದು ಒಂದು ಚರ್ಮದ ದಿಂಬು. ದಿಂಬು ಗಟ್ಟಿಯಾಗಿದ್ದರೆ ಲಾಳಿ ಪುಟಿದು ಹಿಂದೆ ಬರುತ್ತದೆ, ಮೆತ್ತಗಿದ್ದರೆ ಹೂತುಕೊಳ್ಳುತ್ತದೆ. ಎರಡರಲ್ಲೂ ಮುಂದಿನ ಹೊಡೆತ ತಪ್ಪುತ್ತದೆ. ಲಾಳಿ ನಡುದಾರಿಯಲ್ಲಿರುವಾಗಲೇ ಎಳೆಗಳು ಬಾಯಿ ಮುಚ್ಚುತ್ತವೆ, ಲಾಳಿ ಮೇಲಕ್ಕೆ ಸಿಡಿಯುತ್ತದೆ. ಮಳೆಯ ತಂಪಿಗೆ ಚರ್ಮ ಮೆತ್ತಗಾಗುತ್ತದೆ, ಸವದತ್ತಿ ಗುಡ್ಡದ ಕಡೆಯ ಒಣಗಾಳಿಗೆ ಕಟ್ಟಿಗೆಯಾಗುತ್ತದೆ. ಮಳೆಗಾಲದಲ್ಲಿ ಒಂದೇ ದಿನ ಎರಡೂ ಆಗುತ್ತದೆ, ಹಾಗಾಗಿ ಅದು ಲಾಳಿ ಹಾರುವ ಕಾಲ.

ಹಾರಿದ ಲಾಳಿ ಮೈಮೇಲೆ ಬರದಂತೆ ಮಗ್ಗದ ಮುಂದೆ ಒಂದು ಕಬ್ಬಿಣದ ಸರಳು ಇರುತ್ತದೆ. ಕಾಕಾ ಆರೂ ಮಗ್ಗಗಳಿಂದ ಅದನ್ನು ಬಿಚ್ಚಿ ಅಟ್ಟಕ್ಕೆ ಎಸೆದಿದ್ದರು. ಏಕೆಂದು ಕೇಳಿದೆ.

"ಎರಡ ಕಣ್ಣ ಇದ್ದಾಂವಗ ಸರಳ, ಇಂಜಿನಿಯರ್ ಬಾಯಾರ. ಒಂದ ಕಣ್ಣಿಗೆ ಅದು ಅಡ್ಡ ಬರತೈತಿ. ಎಳಿ ಕಾಣಂಗಿಲ್ಲ."

"ಈ ಕಣ್ಣಿಗೆ ಬಡಿದ್ರ?"

"ಬಡದ್ರ ಆವಾಗ ಯಾವುದೂ ಅಡ್ಡ ಬರಂಗಿಲ್ಲಲ್ಲ," ಎಂದು ನಕ್ಕರು. ಆ ನಗೆಯಲ್ಲಿ ಹಲ್ಲು ಮಾತ್ರ ಇತ್ತು.

ನಾನು ಬಂದ ವಾರವೇ ಒಂದು ಮಧ್ಯಾಹ್ನ ಲಾಳಿ ನಡುವೆ ಸಿಕ್ಕಿಕೊಂಡು ನೂರಾರು ಎಳೆ ಹರಿದವು. ಮೂರನೇ ಮಗ್ಗ ಚಿಗವ್ವನದಾಗಿತ್ತು. ಕಾಕಾ ಅವಳನ್ನು ಏನೂ ಕೇಳಲಿಲ್ಲ. ಗೂಟದಲ್ಲಿದ್ದ ಹಳೆಯ ಚರ್ಮದ ಪಟ್ಟಿ ಎಳೆದು ಅವಳ ಬೆನ್ನಿಗೆ ಬೀಸಿದರು. ಉಳಿದ ಮಗ್ಗಗಳು ಓಡುತ್ತಲೇ ಇದ್ದವು. ಅವುಗಳ ಸದ್ದಿನಲ್ಲಿ ಏಟಿನ ಸದ್ದು ಕೇಳಲಿಲ್ಲ, ಚಿಗವ್ವನ ಬಾಯಿ ತೆರೆದದ್ದು ಮಾತ್ರ ಕಂಡಿತು. ಕಾಶವ್ವ ತಲೆ ತಗ್ಗಿಸಿ ರಾಟೆ ತಿರುಗಿಸುತ್ತಿದ್ದಳು. ನಾನು ಗೋಡೆಯ ಕಡೆ ನಡೆದು ಮೇನ್ ಸ್ವಿಚ್ ಕೆಳಗೆಳೆದೆ.

ನಿಶ್ಶಬ್ದ. ತಗಡಿನ ಮೇಲೆ ಮಳೆ.

"ಕರೆಂಟ್ ತಗದಾಂವ ಯಾಂವ?"

"ನಾನು."

ಕಾಕಾ ಹತ್ತಿರ ಬಂದರು. "ಬೈಲಹೊಂಗಲದಾಗ ನಿಮ್ಮಪ್ಪನ ಮುಂದೂ ಹಿಂಗ ಮಾಡ್ತಿ ಏನ?"

"ನಮ್ಮಪ್ಪ ಹೊಡೆಯಂಗಿಲ್ಲ."

ಪಟ್ಟಿ ನನ್ನ ಕಿವಿಯ ಪಕ್ಕದಿಂದ ಹಾದು ಗೋಡೆಗೆ ಬಡಿಯಿತು. ಸುಣ್ಣ ಉದುರಿತು. ಕಾಕಾ ಹೊರಗೆ ಹೋದರು.

ಸಂಜೆಯವರೆಗೂ ಚಿಗವ್ವ ಕೂತು ಹರಿದ ಎಳೆಗಳನ್ನು ಒಂದೊಂದಾಗಿ ಕಟ್ಟಿದಳು. ನಾನು ದೀಪ ಹಿಡಿದೆ. ನಾನು ತಂದಿದ್ದ ರಬ್ಬರ್ ತುಂಡನ್ನು ಅವಳು ಆಗ ಮೊದಲ ಬಾರಿಗೆ ಕೈಗೆತ್ತಿಕೊಂಡು ಒತ್ತಿ ನೋಡಿದಳು.

"ಇದು ಲಾಳಿ ಹಾರದಂಗ ಮಾಡತೈತೇನವಾ?"

"ಮಾಡಬಹುದು. ಚರ್ಮದ ಬದಲಿ ಇದನ್ನ ಕೂಡಿಸಿ, ತಂಪಿದ್ದಾಗ ಒಂದು ನಮೂನಿ, ಬಿಸಿಲಿದ್ದಾಗ ಒಂದು ನಮೂನಿ ತಿರುಪು ಬಿಗೀಬೇಕು."

"ಹಂಗಾದ್ರ ಮಾಡಿ ಕೊಡು. ಅವನ ಆ ಕಣ್ಣೊಂದ ಉಳೀಬೇಕ." ಗಂಟು ಹಾಕುತ್ತಲೇ ಹೇಳಿದಳು. "ಪ್ರೀತಿಗೆ ಹೇಳಾಕತ್ತಾಳ ಅನ್ಕೋಬ್ಯಾಡ. ಹೊರಗಿನ ಬೆಳಕ ಕಾಣೂ ಮುಂದನ ಹಿಂಗ ಅದಾನ. ಕುರುಡಾಗಿ ಹಗಲೂ ರಾತ್ರಿ ನನ್ನ ಮಗ್ಗಲಾಗ ಕುಂತ್ರ, ಆವಾಗ ನಾ ಯಾರ ಬಾಗಲಾ ಬಡೀಲಿ?"

ಆ ಮಳೆಗಾಲದಲ್ಲಿ ನನ್ನ ಕೆಲಸ ಏನೆಂಬುದು ಅಂದು ಗೊತ್ತಾಯಿತು.

ಕೈಯಲ್ಲಿ ಕೊರೆದ ತುಂಡು ಚಿಗವ್ವನ ಮಗ್ಗದಲ್ಲಿ ಎರಡು ದಿನಕ್ಕೆ ಹರಿಯಿತು. ಬೈರಿಗೆ ಬಿಟ್ಟ ಸಣ್ಣ ಗೀರುಗಳಿಂದಲೇ ಬಿರುಕು ಹುಟ್ಟುತ್ತಿತ್ತು. ಅಚ್ಚಿನಲ್ಲೇ ಎರಕ ಹೊಯ್ಯಬೇಕಿತ್ತು. ಬೈಲಹೊಂಗಲದಲ್ಲಿ ಲಾರಿ ಟೈರಿಗೆ ಹೊಸ ರಬ್ಬರ್ ಹಚ್ಚುವ ದಸ್ತಗೀರ್ ಚಾಚಾನ ಅಂಗಡಿಯಿತ್ತು. ಲೇತಿನಲ್ಲಿ ಕಡೆಸಿದ ಉಕ್ಕಿನ ಮೊಳೆಗಳ ಅಚ್ಚನ್ನು ಅವರ ಮುಂದಿಟ್ಟೆ.

"ಏನ್ ಬಾಯಾರ, ಇದು ಇಡ್ಲಿ ಪಾತ್ರಿ ಆತಲ್ರಿ! ಈ ಕರೀ ಇಡ್ಲಿ ತಿನ್ನಾಂವ ಯಾಂವ?"

"ಮಗ್ಗ ತಿಂತೈತ್ರಿ."

"ಹಲ್ಲ ಗಟ್ಟಿ ಐತಲ್ಲ ಅದರದು?"

"ಭಾಳ ಗಟ್ಟಿ."

"ಹಂಗಾದ್ರ ಛಲೋತ್ನಂಗ ಬೇಯಿಸಿ ಕೊಡತೇನಿ ತಗೋರಿ," ಎಂದು ಅಚ್ಚನ್ನು ಕುಲುಮೆಯಂಥ ಒತ್ತುಯಂತ್ರದೊಳಗೆ ತಳ್ಳಿದರು. ಗಂಧಕ ಮತ್ತು ರಬ್ಬರಿನ ಹೊಗೆ ಕಣ್ಣಿಗೆ ಚುಚ್ಚಿತು. ಬಿಸಿ ತುಂಡನ್ನು ಮೊಳೆಗಳಿಂದ ಎಳೆದು ತೆಗೆಯುವಾಗ ಅದು ಚರ್ಮ ಸುಲಿದ ಸದ್ದು ಮಾಡಿತು. ತೂತುಗಳ ಒಳಗೋಡೆ ಗಾಜಿನಂತೆ ನುಣ್ಣಗಿತ್ತು.

ಕಾಕಾ ಆಗಲೂ ಒಪ್ಪಲಿಲ್ಲ. "ಎಮ್ಮಿ ಚರ್ಮ ತಡೀಲಾರದ್ದು ನಿನ್ನ ಬಚ್ಚಲಮನಿ ಚಪ್ಪಲಿ ತಡಿತೈತಿ?" ಎಂದರು. ಆದರೂ ಚಿಗವ್ವನ ಮೂರನೇ ಮಗ್ಗಕ್ಕೆ ಹೊಸ ತುಂಡು ಹಾಕಿದೆವು. ಮೊದಲ ಗಂಟೆಯಲ್ಲೇ ಲಾಳಿ ಪುಟಿಯಿತು. ಅರ್ಧ ಸುತ್ತು ತಿರುಪು ಬಿಗಿದೆ, ನಿಂತಿತು. ಮಧ್ಯಾಹ್ನ ಬಿಸಿಲು ಬಿದ್ದು ಮರ ಒಣಗಿದಾಗ ಓಟ ಹೆಚ್ಚಾಯಿತು, ಮತ್ತೆ ತಿರುಪು. ವಾರವಾದರೂ ಒಂದೂ ಎಳೆ ಹರಿಯಲಿಲ್ಲ. ಕಾಕಾ ದೂರದಿಂದ ಆ ಮಗ್ಗದ ಸದ್ದು ಕೇಳುತ್ತಿದ್ದರು. ಕಣ್ಣು ಹೋದ ಮೇಲೆ ಅವರು ಮಗ್ಗವನ್ನು ಕಿವಿಯಿಂದಲೇ ಹೆಚ್ಚು ಓದುತ್ತಿದ್ದರು. ಒಂದು ಬೆಳಗ್ಗೆ ನಾನು ಏಳುವ ಮೊದಲೇ ಆ ತುಂಡನ್ನು ಬಿಚ್ಚಿ ತಮ್ಮ ಒಂದನೇ ಮಗ್ಗಕ್ಕೆ ಹಾಕಿಕೊಂಡಿದ್ದರು. ನನ್ನನ್ನು ಕಂಡು ತಿರುಪಿಗೆ ಎರಡು ಬೆರಳು ಹಚ್ಚಿ, "ಹೇಳಿದ್ದ ಕೇಳತೈತಿ," ಎಂದಷ್ಟೇ ಕೂಗಿದರು. ಚಿಗವ್ವನ ಮಗ್ಗಕ್ಕೆ ಮತ್ತೆ ಹಳೆಯ ಚರ್ಮ ಬಂತು.

ಕಿತ್ತೂರು ಕಡೆ ಮಳೆ ನಿಲ್ಲದೆ ಸುರಿದು ನವಿಲುತೀರ್ಥ ಅಣೆಕಟ್ಟಿನ ಬಾಗಿಲು ತೆರೆದಿದ್ದರು. ಮಲಪ್ರಭೆ ಕೆಂಪಗೆ ಉಬ್ಬಿ ದಂಡೆಯ ಜಾಲಿಗಿಡಗಳನ್ನು ಬೇರುಸಮೇತ ಕಿತ್ತು ಒಯ್ಯುತ್ತಿದ್ದಳು. ಉಳಿದ ಐದು ಮಗ್ಗಗಳಿಗೂ ತುಂಡು ಬೇಕೆಂದು ಕಾಕಾನೇ ಹೇಳಿದರು. ನಾಗರ ಅಮಾವಾಸ್ಯೆಯ ಹಿಂದಿನ ದಿನ ನಾನು ಬೈಲಹೊಂಗಲಕ್ಕೆ ಹೊರಟೆ. ಹೊರಡುವಾಗ, "ಕಾಕಾ, ರಬ್ಬರಿಗೆ ಎಣ್ಣಿ ಆಗಂಗಿಲ್ಲ. ಅದನ್ನ ಎಣ್ಣಿಯಿಂದ ದೂರ ಇಡ್ರಿ," ಎಂದೆ. "ಆತ ನಡಿ, ಬಸ್ ತಪ್ಪತೈತಿ," ಎಂದರು.

ಅಮಾವಾಸ್ಯೆಗೆ ಆ ಓಣಿಯಲ್ಲಿ ಮಗ್ಗ ಓಡುವುದಿಲ್ಲ. ಅಂದು ಮಗ್ಗ ತೊಳೆದು ವಿಭೂತಿ ಹಚ್ಚುತ್ತಾರೆ. ಹೊಡೆತ ತಿನ್ನುವ ಎಲ್ಲ ಚರ್ಮವನ್ನೂ ಬಿಚ್ಚಿ, ಶೇಂಗಾ ಎಣ್ಣೆಗೆ ಮಶೀನ್ ಎಣ್ಣೆ ಬೆರೆಸಿ ಬಿಸಿ ಮಾಡಿ ಅದರಲ್ಲಿ ಮುಳುಗಿಸಿಡುತ್ತಾರೆ. ಮರುದಿನ ನಸುಕಿನವರೆಗೆ ಅದು ಹಾಗೇ ಇರುತ್ತದೆ. ಎಣ್ಣೆ ಕುಡಿದ ಚರ್ಮ ಒಡೆಯುವುದಿಲ್ಲ, ಬಾಳಿಕೆ ಬರುತ್ತದೆ. ಇದು ಹೆಂಗಸರ ಕೆಲಸ.

ಅಮಾವಾಸ್ಯೆಯ ಮರುದಿನ ಮೊದಲ ಬಸ್ಸಿಗೆ ಐದು ತುಂಡುಗಳ ಚೀಲ ಹೊತ್ತು ಬಂದೆ. ಮಗ್ಗಗಳು ಆಗಲೇ ಓಡುತ್ತಿದ್ದವು. ಶೆಡ್ಡಿನ ಬಾಗಿಲಲ್ಲೇ ಎಣ್ಣೆಯ ಘಾಟು. ಒಂದನೇ ಮಗ್ಗದ ಪೆಟ್ಟಿಗೆಯ ಕಡೆ ನೋಡಿದೆ. ನನ್ನ ತುಂಡು ಊದಿಕೊಂಡಿತ್ತು. ತೂತುಗಳ ಗೋಡೆಗಳು ಬಾತು, ತೂತುಗಳು ಹೊಡೆತ ತಿಂದ ಕಣ್ಣುಗಳಂತೆ ಸೀಳಾಗಿದ್ದವು. ಕಾಕಾ ಬಾಗಿ ತಿರುಪು ಬಿಗಿಯುತ್ತಿದ್ದರು. ಅದು ಹೇಳಿದ್ದು ಕೇಳಲಿಲ್ಲ. ಮತ್ತೊಂದು ಸುತ್ತು ಬಿಗಿದರು.

ನಾನು ಕೂಗಿದೆ. ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಮೇನ್ ಸ್ವಿಚ್ಚಿನ ಕಡೆ ಓಡಿದೆ. ಅರ್ಧ ದಾರಿಯಲ್ಲಿ ಮಗ್ಗದ ಲಯ ತಪ್ಪಿದ್ದು ಕೇಳಿಸಿತು: ಒದ್ದೆ ಮಣ್ಣಿಗೆ ಗುದ್ದಿದಂಥ ಒಂದು ಸದ್ದು, ಆಮೇಲೆ ಬರಬೇಕಾದ ಹೊಡೆತ ಬರಲಿಲ್ಲ. ಸ್ವಿಚ್ ಎಳೆದು ತಿರುಗಿದಾಗ ಕಾಕಾ ಎರಡೂ ಕೈ ಮುಖದ ಮೇಲಿಟ್ಟು ನಿಂತಿದ್ದರು. ಬೆರಳ ಸಂದಿನಿಂದ ರಕ್ತ ಮೊಣಕೈವರೆಗೆ ಇಳಿದು, ನೇಯ್ದ ಬಿಳಿ ಬಟ್ಟೆಯ ಮೇಲೆ ಬೀಳುತ್ತಿತ್ತು. "ಕರೆಂಟ್ ಹೋತೇನ?" ಎಂದು ಕೇಳಿದರು. ಮತ್ತೆ ಕೇಳಿದರು, ಈ ಸಲ ಧ್ವನಿ ಸಣ್ಣದಾಗಿತ್ತು: "ಗಂಗೀ, ಕರೆಂಟ್ ಹೋತೇನ?"

ಹೊರಗೆ ಬೆಳಗಿನ ಬಿಸಿಲಿತ್ತು.

ಬೆಳಗಾವಿಯ ಆಸ್ಪತ್ರೆಯಲ್ಲಿ ಹುಬ್ಬಿನ ಎಲುಬು ಸೀಳಿದೆ ಎಂದರು. ಒಳಗೆ ರಕ್ತ ಕಟ್ಟಿದೆ. ಕಣ್ಣು ಉಳಿದಿದೆಯೋ ಇಲ್ಲವೋ ಪಟ್ಟಿ ಬಿಚ್ಚಿದ ಮೇಲೆ ನೋಡೋಣ ಎಂದರು. ಪಟ್ಟಿ ಕಟ್ಟಿಯೇ ಊರಿಗೆ ಕಳಿಸಿದರು. ದಾರಿಯುದ್ದಕ್ಕೂ ಕಾಕಾ ಚಿಗವ್ವನ ಸೆರಗಿನ ತುದಿ ಹಿಡಿದಿದ್ದರು. ಅವಳ ಕೈ ಹಿಡಿಯಲಿಲ್ಲ.

ಮನೆಯಲ್ಲಿ ಪಡಸಾಲೆಯ ಮಂಚದ ಮೇಲೆ ಕೂತರು. ಮರುದಿನವೇ ಚಿಗವ್ವ ಮಗ್ಗ ಹಚ್ಚಿದಳು. ಅವಳು ನಾಲ್ಕು ನೋಡಿಕೊಂಡಳು, ಕಾಶವ್ವ ಬೈಯುತ್ತ ಬೈಯುತ್ತ ಎರಡು. ಐದು ಹೊಸ ತುಂಡುಗಳನ್ನು ಒಂದನೇ ಮಗ್ಗದಿಂದ ಐದನೆಯದರವರೆಗೆ ನಾನು ಕೂರಿಸಿದೆ, ತಿರುಪು ಹೇಗೆ ನೋಡಬೇಕೆಂದು ಚಿಗವ್ವನಿಗೆ ತೋರಿಸಿದೆ. ಅಟ್ಟದ ಮೇಲಿದ್ದ ಕಬ್ಬಿಣದ ಸರಳುಗಳನ್ನು ಅವಳೇ ಇಳಿಸಿ, ತುಕ್ಕು ತಿಕ್ಕಿ, ಆರೂ ಮಗ್ಗಕ್ಕೆ ಬೋಲ್ಟು ಹಾಕಿದಳು. ಆಮೇಲೆ ನನ್ನನ್ನು ಕೇಳಿದಳು:

"ಎಣ್ಣಿಯಿಂದನ ಹಿಂಗಾತೇನ?"

ಹೌದು ಎಂದೆ.

ಅವಳು ತನ್ನ ಕೈ ನೋಡಿಕೊಂಡಳು. "ಅಮಾಸಿ ದಿನ ಎಲ್ಲಾಕ್ಕೂ ಎಣ್ಣಿ ಹಚ್ಚಿ ಅದೊಂದಕ್ಕ ಹೆಂಗ ಬಿಡಲೆವಾ? ಅದೂ ದುಡಿದಿತ್ತಲ್ಲ."

ಅಂದು ಮಧ್ಯಾಹ್ನ ಅವಳು ಗಂಜಿ ಕುಡಿಸುತ್ತಿದ್ದಾಗ ಕಾಕಾ ಕೇಳಿದರು. "ರಬ್ಬರಗೆ ಎಣ್ಣಿ ಹಾಕಿದಾಕಿ ಯಾಕಿ? ಕಾಶವ್ವನೋ?"

"ನಿಮಗ ಹೇಳಿ ಹೋಗಿದ್ನಿ, ಕಾಕಾ," ಎಂದೆ ನಾನು.

"ನನಗ ಹೇಳಿದ್ದಿ. ಎಣ್ಣಿ ಹಚ್ಚಾಕಿಗೆ ಹೇಳಿದ್ಯಾ?"

"ನಾ ಹಾಕೇನಿ," ಎಂದಳು ಚಿಗವ್ವ.

ಅವರು ಧ್ವನಿ ಬಂದ ಕಡೆಗೆ ಕೈ ಬೀಸಿದರು. ಗಂಜಿಯ ಬಟ್ಟಲು ಹಾರಿ ಕಂಬಕ್ಕೆ ಬಡಿಯಿತು. ಬಿಸಿ ಗಂಜಿ ಚಿಗವ್ವನ ಕೊರಳಿನಿಂದ ಎದೆಗೆ ಇಳಿಯಿತು. ಅವಳು ಸದ್ದು ಮಾಡಲಿಲ್ಲ. ಎಲ್ಲಿದ್ದಾಳೆಂದು ತಿಳಿಯದೆ ಅವರು ಇನ್ನೊಮ್ಮೆ ಬೀಸಿದರು, ಗಾಳಿಗೆ. ಮತ್ತೊಮ್ಮೆ. ಅವಳು ಎರಡು ಹೆಜ್ಜೆ ಆಚೆ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲಿ ಆಗ ಕಂಡದ್ದು ಹೆದರಿಕೆಯಲ್ಲ. ಅದಕ್ಕೆ ಹೆಸರಿಡಲು ನನಗೆ ಇಂದಿಗೂ ಆಗಿಲ್ಲ. ಆಮೇಲೆ ಅಡುಗೆಮನೆಗೆ ಹೋಗಿ ಇನ್ನೊಂದು ಬಟ್ಟಲು ಗಂಜಿ ತಂದು ಮತ್ತೆ ಹತ್ತಿರ ಕೂತಳು. "ಬಾಯಿ ತಗೀರಿ," ಎಂದಳು.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ಬೆರಳು ತೋರಿಸಿದರು. ಕಾಕಾ ಸರಿಯಾಗಿ ಹೇಳಿದರು. ಕಣ್ಣು ಕೆಂಡದಂತಿತ್ತು, ಅಂಚು ಮಬ್ಬಾಗಿತ್ತು, ಆದರೆ ಕಾಣುತ್ತಿತ್ತು. ಡಾಕ್ಟರು ಚಿಗವ್ವನ ಕಡೆ ತಿರುಗಿ, "ಇನ್ನೊಂದು ಏಟು ಬಿದ್ರ ಮುಗೀತು. ಮಗ್ಗದ ಮುಂದ ನಿಲ್ಲಿಸಬ್ಯಾಡ್ರಿ," ಎಂದರು. ಕಾಕಾ ಆ ಮಾತು ಕೇಳಿಸಿಕೊಂಡವರಂತೆ ಕಾಣಲಿಲ್ಲ.

ಮರುದಿನ ಬೆಳಗ್ಗೆ ಅವರು ಶೆಡ್ಡಿಗೆ ಬಂದಾಗ ಆರೂ ಮಗ್ಗ ಓಡುತ್ತಿದ್ದವು. ಒಂದನೆಯದರ ಮುಂದೆ ಚಿಗವ್ವ ನಿಂತಿದ್ದಳು. ಕಾಕಾ ಪಕ್ಕಕ್ಕೆ ಸರಿ ಎಂದು ಕೈಮಾಡಿದರು. ಅವಳು ಇಲ್ಲವೆಂದು ತಲೆಯಾಡಿಸಿ ಮೂಲೆಯ ರಾಟೆ ತೋರಿಸಿದಳು. ಕಾಶವ್ವ ಮಗ್ಗ ನೋಡುತ್ತಿದ್ದುದರಿಂದ ರಾಟೆ ಖಾಲಿ ಇತ್ತು. ಕಂಡಿಕೆ ಸುತ್ತುವುದು ಮುದುಕಿಯರ, ಹುಡುಗಿಯರ ಕೆಲಸ. ಕಾಕಾನ ಮುಖ ಕಪ್ಪಿಟ್ಟಿತು. ಸರಳುಗಳನ್ನು ನೋಡಿದರು. ಗೋಡೆಗೆ ಒರಗಿಸಿದ್ದ ಬದಲಿ ಹೊಡೆಗೋಲನ್ನು ಎತ್ತಿಕೊಂಡರು. ಲಾಳಿಯನ್ನು ಅಟ್ಟುವ ಆ ಕೋಲು ತೋಳುದ್ದದ ಗಟ್ಟಿ ಮರ.

ನಾನು ಸ್ವಿಚ್ಚಿನ ಕಡೆ ಹೆಜ್ಜೆಯಿಟ್ಟೆ. ಚಿಗವ್ವ ನನ್ನನ್ನು ನೋಡಿ ಬೇಡ ಎಂದು ಬೆರಳಾಡಿಸಿದಳು. ಆಗ ಅರ್ಥವಾಯಿತು. ಓಡುವ ಮಗ್ಗದ ಮುಂದೆ ನಿಂತವರನ್ನು ಯಾರೂ ಮುಟ್ಟುವುದಿಲ್ಲ. ಕೈ ಅಲುಗಿದರೆ ಲಾಳಿ ಹಾರುತ್ತದೆ. ಕುಡಿದು ಬಂದವನೂ ಆ ನಿಯಮ ಮುರಿಯುವುದಿಲ್ಲ. ಕಾಕಾ ಕೋಲು ಹಿಡಿದು ಅವಳ ಹಿಂದೆ ನಿಂತು ಮಗ್ಗ ನಿಲ್ಲುವುದನ್ನೇ ಕಾದರು. ಅವಳು ನಿಲ್ಲಿಸಲಿಲ್ಲ. ಓಡುತ್ತಿರುವಾಗಲೇ ತಿರುಪು ಮುಟ್ಟಿ ನೋಡಿದಳು, ಅರ್ಧ ಸುತ್ತು ಬಿಗಿದಳು. ಬೆನ್ನಿನ ಮೇಲೆ ಸೀರೆ ಬೆವರಿಗೆ ಅಂಟಿತ್ತು. ಯಾರೂ ಊಟಕ್ಕೆ ಹೋಗಲಿಲ್ಲ. ಮಧ್ಯಾಹ್ನ ಕಳೆದ ಮೇಲೆ, ದಿನಾ ಹೋಗುವ ಹಾಗೆ ಕರೆಂಟ್ ಹೋಯಿತು.

ಆರೂ ಮಗ್ಗ ಒಂದೊಂದಾಗಿ ಸೋತು ನಿಂತವು.

ಚಿಗವ್ವ ತಿರುಗಿದಳು. ಕೋಲಿನ ಅಳತೆಯೊಳಗೇ ಬಂದು ನಿಂತಳು. ಸದ್ದಿರಲಿಲ್ಲವಾದ್ದರಿಂದ ಕೂಗಲಿಲ್ಲ.

"ಹೊಡೀರಿ. ಕಣ್ಣ ಉಳದೈತಲ್ಲ, ಈಗ ನನ್ನ ಮಾರಿ ನೋಡಕೋತ ಹೊಡೀರಿ."

ಕಾಕಾನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಗಾಯದ ನೀರು. ಬೇರೆ ಏನೆಂದೂ ನಾನು ಬರೆಯಲಾರೆ. ಅವರು ಅವಳ ಮುಖ ನೋಡಿದರು. ಕೊರಳಿನ ಮೇಲೆ ಗಂಜಿ ಸುಟ್ಟ ಜಾಗದಲ್ಲಿ ಚರ್ಮ ಸುಲಿದು ಗುಲಾಬಿಯಾಗಿತ್ತು, ಅದನ್ನು ನೋಡಿದರು. ಕೋಲು ಎತ್ತಿದ ತೋಳು ಸ್ವಲ್ಪ ಹೊತ್ತು ಹಾಗೇ ಇತ್ತು.

"ಹೊಡಿಯಪಾ, ಇಲ್ಲಾ ಇಳಸು. ಕೈ ನೋಯತೈತಿ," ಎಂದಳು ಕಾಶವ್ವ ತನ್ನ ಮಗ್ಗದ ಬಳಿಯಿಂದ.

ಅಂದಿನಿಂದ ಆ ಮನೆಯಲ್ಲಿ ಕೈ ಎದ್ದೇ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಂದು ಎದ್ದ ಕೈ ಹೊಡೆಯದೆ ಇಳಿಯಿತು. ಕರೆಂಟ್ ಮರಳಿ ಬಂದಾಗ ಒಂದನೇ ಮಗ್ಗದ ಹಿಡಿಕೆ ಎಳೆದವಳು ಚಿಗವ್ವ. ಕಾಕಾ ಕೋಲನ್ನು ಗೋಡೆಗೆ ಒರಗಿಸಿ, ಮಗ್ಗಗಳಿಗೆ ಬೆನ್ನು ಹಾಕಿ ರಾಟೆಯ ಮುಂದೆ ಕೂತರು. ನೂಲಿನ ತುದಿಯನ್ನು ಕಂಡಿಕೆಗೆ ಸಿಕ್ಕಿಸಲು ಬಹಳ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಕೊನೆಗೆ ಅವರು ಅದನ್ನು ಕಣ್ಣಿನ ತೀರ ಹತ್ತಿರ ತಂದು, ನೋಡಿ, ಸಿಕ್ಕಿಸಿದರು.